ಮೈನಸ್ ಎಂಬತ್ತರಲ್ಲಿ ಟೈಲರಮ್ಮ

ಟೈಲರಮ್ಮನ ಬಾಯಿ ಜೋರು, ಮನಸ್ಸು ಮೆದು. ಶಾಲಾಮಕ್ಕಳ ಯೂನಿಫಾರ್ಮ್ ಹೊಲಿದು ಹೊಲಿದೇ ಮಗನನ್ನು ಒಂದು ದಡ ಮುಟ್ಟಿಸಿದವಳು. ಸೊಸೆಗೆ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸ. ಸಾವಿರಾರು ಜನ ಕೊಟ್ಟ ರಕ್ತವನ್ನು ಪುಟ್ಟ ಟ್ಯೂಬುಗಳಿಗೆ ತುಂಬಿ, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರುಗಳಲ್ಲಿ ವರ್ಷಗಟ್ಟಲೆ ಕಾಪಾಡುವುದು. ಇನ್ನೂ ಜನ ಬೇಕಂತೆ ಎಂದು ಸೊಸೆ ಊಟದ ಹೊತ್ತಿಗೆ ಹೇಳಿದ್ದೇ ತಡ, ಅತ್ತೆ ಮರುದಿನವೇ ಹೋಗಿ ತೋಳೇರಿಸಿ ಕೂತಳು.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ತನ್ನ ರಕ್ತ ಬ್ಯಾಂಕಿನಲ್ಲಿದೆ ಎಂದು ತರಕಾರಿಯವನಿಗೂ ಹೇಳಿದಳು. ಸಂಜೆ ಸೊಸೆ ಚಪ್ಪಲಿ ಬಿಡುವ ಮುಂಚೆಯೇ ಅದು ಹೇಗಿದೆ, ಚಳಿಗಿಳಿ ಆಗುತ್ತಿಲ್ಲವಷ್ಟೇ ಎಂದು ವಿಚಾರಣೆ.

ವರ್ಷ ಕಳೆದ ಮೇಲೆ ಎದುರುಮನೆಯಾಕೆ ಹುಳಿ ಹಿಂಡಿದಳು. ರಿಪೋರ್ಟೇ ಬಂದಿಲ್ಲವೆಂದರೆ ಬಿಸಾಡಿರಬೇಕು, ವಯಸ್ಸಾದವರ ರಕ್ತ ಯಾರಿಗೆ ಬೇಕು ಎಂದಳು. ಟೈಲರಮ್ಮನ ಮುಖ ಊದಿಕೊಂಡಿತು.

"ನಂದು ನಂಗೆ ವಾಪಸ್ ಕೊಡಿಸಿಬಿಡು," ಎಂದಳು ಸೊಸೆಗೆ.

ಸೊಸೆ ವಾದಕ್ಕಿಳಿಯಲಿಲ್ಲ. ಬೇಡವೆನ್ನುವ ಹಕ್ಕು ಯಾವಾಗಲೂ ಇದೆ, ಆದರೆ ಕೈಗೆ ಕೊಡುವುದಿಲ್ಲ, ನಾಶ ಮಾಡುತ್ತಾರೆ ಎಂದು ತಿಳಿಸಿ, ಮರುದಿನ ಜತೆಗೇ ಕರೆದೊಯ್ದಳು.

ಗಾಜಿನ ಆಚೆ ಬೀರುಗಳಂಥ ಫ್ರೀಜರುಗಳು ಸಾಲಾಗಿ ನಿಂತು ಗುಂಯ್‌ಗುಟ್ಟುತ್ತಿದ್ದವು. ದಪ್ಪ ಕೈಗವಸಿನವರೊಬ್ಬರು ಒಂದರ ಬಾಗಿಲು ತೆರೆದರೆ ಬಿಳಿ ಹಬೆ ನೆಲಕ್ಕೆ ಸುರಿಯಿತು. ಮೇಲ್ವಿಚಾರಕಿ ಕುರ್ಚಿ ಎಳೆದು ಕೂರಿಸಿ ನಿಧಾನವಾಗಿ ಬಿಡಿಸಿ ಹೇಳಿದರು. ಬಿಸಾಡಿಲ್ಲ, ಭದ್ರವಾಗಿದೆ. ಇದು ಒಬ್ಬೊಬ್ಬರ ಕಾಯಿಲೆ ಪತ್ತೆಗಲ್ಲ, ಹಾಗಾಗಿ ರಿಪೋರ್ಟಿಲ್ಲ. ಮುಂದೆಂದೋ ಯಾರಿಗೆ ಸಕ್ಕರೆ ಕಾಯಿಲೆ ಬಂತು, ಯಾರ ಹೃದಯ ಕೈಕೊಟ್ಟಿತು ಎಂದು ನೋಡಿ, ಅವರ ಹಳೆಯ ರಕ್ತದಲ್ಲೇ ಸುಳಿವಿತ್ತೇ ಎಂದು ಹುಡುಕುತ್ತಾರೆ.

"ಹಂಗಾದ್ರೆ ನಾನು ಕಾಯಿಲೆ ಬಿದ್ರೇನೇ ನಿಮಗೆ ಉಪಯೋಗ ಅನ್ನಿ."

"ಬೀಳದೇ ಇರೋರೂ ಬೇಕಮ್ಮ. ಇವರು ಹೆಂಗೆ ಗಟ್ಟಿಯಾಗಿದಾರೆ ಅಂತಾನೂ ಗೊತ್ತಾಗ್ಬೇಕಲ್ಲ. ನೀವು ಚೆನ್ನಾಗಿ ಬದುಕಿದ್ರೂ ಸಾಕು, ನಮ್ಮ ಕೆಲಸ ಮಾಡಿದ ಹಾಗೇನೇ."

ಮೆಷಿನ್ ತುಳಿಯುವುದು ಕೆಲಸ, ಕಾಜಾ ಹಾಕುವುದು ಕೆಲಸ; ಚೆನ್ನಾಗಿರುವುದನ್ನು ಕೆಲಸವೆಂದು ಟೈಲರಮ್ಮನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಒಳಗೊಳಗೇ ನಗು ಬಂತು.

"ಇರ್ಲಿ ಬಿಡಿ. ಕೊಟ್ಟಿದ್ದು ಕೊಟ್ಟಾಯ್ತು."

ಮರುದಿನ ಸೊಸೆ ಏಳುವಷ್ಟರಲ್ಲಿ ಅತ್ತೆ ವಾಕಿಂಗ್ ಹೊರಟಾಗಿತ್ತು. ಟೀಗೆ ಸಕ್ಕರೆ ಅರ್ಧಕ್ಕಿಳಿಯಿತು. ಕೇಳಿದವರಿಗೆಲ್ಲ ಡ್ಯೂಟಿ ಎಂಬ ಒಂದೇ ಉತ್ತರ. ವರ್ಷಕ್ಕೊಮ್ಮೆ ಕೇಂದ್ರದವರು ಆರೋಗ್ಯ ವಿಚಾರಿಸಲು ಫೋನ್ ಮಾಡಿದರೆ, ಮಂಡಿಯಿಂದ ಶುರುಮಾಡಿ ನಿದ್ದೆಯವರೆಗೆ ಒಂದನ್ನೂ ಬಿಡದೆ ಒಪ್ಪಿಸುತ್ತಾಳೆ, ಕೇಳಿದವರೇ ಸುಸ್ತು.

ಎದುರುಮನೆಯಾಕೆಗೆ ತಡೆಯಲಾಗಲಿಲ್ಲ. ತಾನೂ ಕೊಡುತ್ತೇನೆಂದು ಹೊರಟಳು, ಸೂಜಿ ಕಂಡದ್ದೇ ಬೆವೆತಳು. ಅವಳ ಇನ್ನೊಂದು ಕೈ ಹಿಡಿದು, ಮುಖ ಈ ಕಡೆ ತಿರುಗಿಸು ಎಂದು ಗದರಿದವಳು ಟೈಲರಮ್ಮನೇ.

ಈಗ ಬೆಳಗ್ಗೆ ಇಬ್ಬರೂ ಜತೆಗೆ ನಡೆಯುತ್ತಾರೆ. ಏರುದಾರಿಯಲ್ಲಿ ಎದುರುಮನೆಯಾಕೆ ಎರಡು ಹೆಜ್ಜೆ ಮುಂದಾದರೆ ಸಾಕು, ಟೈಲರಮ್ಮನ ಶೂ ಲೇಸು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ಆಕೆ ನಿಂತು ಕಾಯಲೇಬೇಕು.