ಕಂಬದೊಳಗಿನ ಫೋಟೊ

ಯಾರಿಗೂ ಮಾತಾಡಲು ಆಗದ ಹಳೇ ಫೋನಿಗೆ ಅಜ್ಜಿ ಯಾಕೆ ಚಾರ್ಜು ಹಾಕುತ್ತಾಳೆ ಎಂದು ನೀವಿಬ್ಬರೂ ಕೇಳುತ್ತಿರುತ್ತೀರಿ. ಅದರಲ್ಲಿ ಸಿಮ್ಮಿಲ್ಲ. ಕರೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ನೀವು ಕೇಳಿದಾಗಲೆಲ್ಲ ‘ಸುಮ್ಮನೆ’ ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಬರೆದರೆ ಮುಖ ಕಾಣುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಹಳ್ಳಿ ಸ್ಕೂಲಿನಲ್ಲಿ ಕಲಿತ ಕನ್ನಡ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆ ಫೋನು ನಿಮ್ಮ ತಾತನದು. ಆಗ ನಾವು ಹಳೇಬೀಡಿನ ಪಕ್ಕದ ಹಳ್ಳಿಯಲ್ಲಿದ್ದೆವು. ತೋಟದ ಕಾಯನ್ನು ಅಟ್ಟದ ಮೇಲೆ ಒಣಗಿಸಿ, ಕೊಬ್ಬರಿ ಮಾಡಿ, ಅರಸೀಕೆರೆ ಮಾರ್ಕೆಟ್ಟಿಗೆ ತರುತ್ತಿದ್ದರು. ಕೊಬ್ಬರಿ ರೇಟು ಮನೆಯಲ್ಲೇ ಕುಳಿತು ತಿಳಿಯಬಹುದು ಎಂದು ಯಾರೋ ಹೇಳಿದ್ದಕ್ಕೆ ಆ ಫೋನು ತೆಗೆದುಕೊಂಡರು. ಬೆಳಿಗ್ಗೆ ಸ್ನಾನ ಮಾಡಿ, ದೇವರ ಗೂಡಿನ ಮುಂದೆ ನಿಂತು ಮೂರು ಬೆರಳಲ್ಲಿ ಹಣೆಗೆ ವಿಭೂತಿ ಎಳೆದುಕೊಂಡು, ಕಾಫಿ ಲೋಟ ಹಿಡಿದು ಜಗುಲಿಗೆ ಬರುತ್ತಿದ್ದರು. ಕುಳಿತ ತಕ್ಷಣ ಫೋನು. ಅದನ್ನು ತೆರೆಯುವಾಗ ಅವರ ಬೆರಳು ಗಾಜಿನ ಮೇಲೆ ಅತ್ತ ಇತ್ತ ಓಡಾಡುತ್ತಿತ್ತು. ನಾನು ಬಾಗಿಲಲ್ಲಿ ನಿಂತು, “ಫೋನಿಗೂ ವಿಭೂತಿ ಹಚ್ತಾ ಇದೀರಾ?” ಎಂದು ರೇಗಿಸುತ್ತಿದ್ದೆ.

“ಹೂಂ ಕಣೇ. ಅದುಕ್ಕೂ ಒಳ್ಳೆ ಬುದ್ಧಿ ಬರ್ಲಿ. ಒಂದಿನಾನಾದ್ರೂ ರೇಟು ಜಾಸ್ತಿ ತೋರುಸ್ಲಿ” ಎನ್ನುತ್ತಿದ್ದರು.

ಫೋಟೊ ಎಂದರೆ ನಾನು ಎಷ್ಟು ದೂರ ಓಡುತ್ತೇನೆ ಎಂಬುದು ನಿಮಗೆ ಗೊತ್ತು. ಮದುವೆಯಲ್ಲಿ ತೆಗೆದ ಒಂದೇ ಫೋಟೊದಲ್ಲೂ ತಲೆ ಬಗ್ಗಿಸಿದ್ದೇನೆ, ಬೈತಲೆ ಮಾತ್ರ ಕಾಣುತ್ತದೆ. ಅದೂ ಗೆದ್ದಲು ತಿಂದು ಹೋಯಿತು. ನಿಮ್ಮ ತಾತ ಫೋನು ತಂದ ಮೇಲೆ ನನ್ನದೊಂದು ಫೋಟೊ ತೆಗೆಯಬೇಕೆಂದು ಹಿಂದೆ ಬಿದ್ದರು. ರಾಗಿ ಕೇರುವಾಗ ಬಂದರೆ ಮೊರ ಅಡ್ಡ ಹಿಡಿಯುತ್ತಿದ್ದೆ. ಹೂ ಕಟ್ಟುವಾಗ ಬಂದರೆ ಸೆರಗು. “ನಿನ್ನ ಸೆರಗಿನ ಫೋಟೊ ಬೇಕಾದಷ್ಟು ಐತೆ, ಮುಖದ್ದು ಒಂದೂ ಇಲ್ಲ” ಎಂದು ನಗುತ್ತಿದ್ದರು.

ಒಂದು ದಿನ ಹಳೇಬೀಡಿನಲ್ಲಿ ಸಾಮಾನು ತೆಗೆದುಕೊಂಡು ಊರಿಗೆ ಹೊರಟಾಗ ಬಸ್ಸು ಆಗಲೇ ಹೋಗಿತ್ತು. ಮುಂದಿನದಕ್ಕೆ ಬಹಳ ಹೊತ್ತಿತ್ತು. “ಬಾರೇ, ಬಸ್ತಿಹಳ್ಳಿ ತಂಕ ಹೋಗಿ ಬರಣ” ಎಂದರು. ನಾವು ಹುಟ್ಟಿದಾಗಿನಿಂದ ಅಲ್ಲಿನ ಜೈನ ಬಸದಿಗಳ ಮುಂದೆಯೇ ಓಡಾಡಿದವರು. ದೂರದ ಊರಿನವರು ಬಸ್ಸು ಮಾಡಿಕೊಂಡು ಬಂದು ನೋಡುತ್ತಾರೆ, ನಮಗೆ ಮಾತ್ರ ಒಳಗೆ ಹೋಗಬೇಕೆಂದು ಯಾವತ್ತೂ ಹೊಳೆದಿರಲಿಲ್ಲ. ಚಪ್ಪಲಿ ಬಿಟ್ಟು, ಕೈಚೀಲವನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದೆವು. ಯಾರೂ ಇರಲಿಲ್ಲ. ಕಲ್ಲು ತಣ್ಣಗಿತ್ತು. ಅಲ್ಲಿನ ಕಂಬಗಳನ್ನು ಎಷ್ಟು ನುಣ್ಣಗೆ ಕಡೆದಿದ್ದಾರೆಂದರೆ ಕನ್ನಡಿಯ ಹಾಗೆ ಮುಖ ಕಾಣುತ್ತದೆ. ಆದರೆ ಕಂಬ ಗುಂಡಗಿರುವುದರಿಂದ ನಾವು ನುಗ್ಗೇಕಾಯಿಯ ಹಾಗೆ ಸಣ್ಣಗೆ, ಉದ್ದಕ್ಕೆ ಕಾಣುತ್ತೇವೆ.

ನಾನು ನನ್ನನ್ನೇ ನೋಡಿ ನಕ್ಕೆ. ಪಕ್ಕದಲ್ಲಿ ಇವರೂ ನುಗ್ಗೇಕಾಯಿಯಾಗಿ ನಿಂತಿದ್ದರು.

“ನನ್ನ ಕಡೆ ತಿರುಗ್ಬೇಡ. ಫೋನೂ ನೋಡ್ಬೇಡ. ಕಂಬ ನೋಡು, ಸಾಕು” ಎಂದರು.

ಕಂಬ ನೋಡುವುದರಲ್ಲಿ ನಾಚಿಕೆ ಏನು? ನೋಡಿದೆ. ಟಕ್ ಎಂದು ಶಬ್ದವಾದ ಮೇಲೆಯೇ ಅವರು ಕಂಬದೊಳಗಿನ ನಮ್ಮಿಬ್ಬರ ಫೋಟೊ ತೆಗೆದರೆಂದು ತಿಳಿದದ್ದು.

ಹೊರಗೆ ಬಂದು ತೋರಿಸಿದರು. ಬಿಸಿಲಿಗೆ ಏನೂ ಸರಿಯಾಗಿ ಕಾಣಲಿಲ್ಲ. ನನ್ನ ಹಲ್ಲು ಮಾತ್ರ ಕಂಡಿತು. ನನಗೆ ಮೈಯೆಲ್ಲ ನಾಚಿಕೆಯಾಗಿ ಅವರ ಕೈ ತಳ್ಳಿದೆ. “ಅಳಿಸಿ ಅದನ್ನ, ಯಾರಾದ್ರೂ ನೋಡ್ತಾರೆ” ಎಂದೆ.

“ಅಳಿಸಲ್ಲ ಹೋಗೇ. ಬೇಲೂರಲ್ಲಿ ದೊಡ್ಡದು ಮಾಡ್ಸಿ ಗೋಡೆಗೆ ಹಾಕ್ತೀನಿ.”

ಬಸ್ಸಿನಲ್ಲಿ ಊರು ಬರುವ ತನಕ ಅದೇ ಮಾತು ಹೇಳಿದೆ. ಕೊನೆಗೆ “ಆಯ್ತು ಬಿಡು, ಅಳಿಸ್ತೀನಿ” ಎಂದರು. ಅಳಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಮುಂದಿನ ವರ್ಷ ಮಳೆಗಾಲಕ್ಕೆ ಮುಂಚೆ ಅವರು ಹೋಗಿಬಿಟ್ಟರು.

ಅರಸೀಕೆರೆಗೆ ನಿಮ್ಮ ಮನೆಗೆ ಬರುವಾಗ ನಾನು ತಂದದ್ದು ಬಟ್ಟೆಯ ಪೆಟ್ಟಿಗೆ, ಅವರ ವಿಭೂತಿ ಡಬ್ಬಿ ಮತ್ತು ಆ ಫೋನು. ಗೋಡೆಗೆ ಹಾಕಿರುವ ತಾತನ ಫೋಟೊ ನೀವು ನೋಡಿದ್ದೀರಿ. ಯಾವುದೋ ಕಾರ್ಡಿಗೆ ತೆಗೆದದ್ದನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವರು ಯಾರ ಮೇಲೋ ಸಿಟ್ಟು ಮಾಡಿಕೊಂಡವರ ಹಾಗಿದ್ದಾರೆ. ಅವರು ಹಾಗಿರಲಿಲ್ಲ. ನಾನು ಹಂಬಲಿಸುತ್ತಿದ್ದದ್ದು ಕಂಬದೊಳಗೆ ನನ್ನ ಪಕ್ಕ ನಿಂತಿದ್ದ ಮುಖಕ್ಕೆ. ಫೋನು ತೆರೆಯುವುದು ಯಾರಿಗೂ ಗೊತ್ತಿರಲಿಲ್ಲ. ತೆರೆಸಿಕೊಡಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಗಂಡನ ಜೊತೆ ತೆಗೆಸಿಕೊಂಡ ಫೋಟೊ ನೋಡಬೇಕು ಎಂದು ಅಳಿಯನ ಮನೆಯಲ್ಲಿ ಹೇಗೆ ಹೇಳಲಿ? ಒಳಗಿದ್ದರೆ ಎಲ್ಲಿಗೂ ಹೋಗುವುದಿಲ್ಲ ಎಂದು ಸುಮ್ಮನಿದ್ದೆ. ಆಗಾಗ ಚಾರ್ಜು ಮಾತ್ರ ಹಾಕುತ್ತಿದ್ದೆ.

ಆಮೇಲೆ ಆಯುಧಪೂಜೆ ಬಂತು. ನಿಮ್ಮಪ್ಪ ಕೊಬ್ಬರಿ ಗೋಡೌನಿನ ತಕ್ಕಡಿ, ಮಚ್ಚು, ಕಾಯಿ ಸುಲಿಯುವ ಕೋಲು ಎಲ್ಲವನ್ನೂ ತೊಳೆದು ಇಟ್ಟರು. ತಾತ ದುಡಿದ ಸಾಮಾನು ಎಂದು ನಾನು ಫೋನನ್ನೂ ಇಟ್ಟು ಕುಂಕುಮ ಹಚ್ಚಿದೆ. ನಿಮ್ಮಪ್ಪ ಕಾಯಿ ಒಡೆದರು. ಚೆನ್ನಾಗಿ ಬಲಿತ ಕಾಯಿ, ನೀರೂ ಜಾಸ್ತಿ. ಕೋಲಿನ ಮೇಲೆ, ತಕ್ಕಡಿಯ ಮೇಲೆ ಚೆಲ್ಲಿ ಫೋನಿನ ಮೇಲೂ ಹರಿಯಿತು. ಶುಭ ಎಂದು ಎಲ್ಲರೂ ಕೈ ಮುಗಿದೆವು. ಮಾರನೇ ದಿನ ಫೋನಿನ ಮೇಲೆ ಹಸಿರು ಗೆರೆ. ಅದರ ಮಾರನೇ ದಿನ ಪೂರ್ತಿ ಕಪ್ಪು.

ನಿಮ್ಮಪ್ಪನಿಗೆ ಬೇಜಾರಾಯಿತು. ನಮಗೆಲ್ಲ ಒಳ್ಳೆಯದಾಗಲೆಂದೇ ಯೋಚಿಸುವವರು ಅವರು. ಒಂದು ಬೆಳಿಗ್ಗೆ ಆ ಫೋನನ್ನು ಜೇಬಿಗೆ ಹಾಕಿಕೊಂಡು ನಿಮ್ಮಮ್ಮನಿಗೆ ಹೇಳುತ್ತಿದ್ದರು: “ಇದು ಹೋಯ್ತು. ಅಂಗಡೀಲಿ ಕೆಟ್ಟಿರೋದನ್ನೂ ತಗೊಂಡು ಹೊಸದು ಕೊಡ್ತಾರಂತೆ. ಅತ್ತೆಗೊಂದು ಹೊಸ ಫೋನು ತಂದ್ಬಿಡ್ತೀನಿ.”

ನಾನು ಬಾಗಿಲ ಹಿಂದಿದ್ದೆ. ಅಷ್ಟು ವರ್ಷಗಳಲ್ಲಿ ಅಳಿಯನ ಎದುರು ನಿಂತು ನಾನು ಒಂದು ಮಾತೂ ಆಡಿದವಳಲ್ಲ. ಊಟಕ್ಕೆ ಬನ್ನಿ ಎನ್ನುವುದನ್ನೂ ನಿಮ್ಮಮ್ಮನ ಬಾಯಲ್ಲೇ ಹೇಳಿಸುತ್ತಿದ್ದೆ. ಅವರು ಚಪ್ಪಲಿ ಹಾಕಿಕೊಂಡಾಗ ಹೊರಗೆ ಬಂದೆ.

“ಅದನ್ನ ಕೊಡ್ಬೇಡಿ” ಎಂದೆ.

ಅವರು ಬೆಚ್ಚಿಬಿದ್ದು ನಿಮ್ಮಮ್ಮನನ್ನು ನೋಡಿದರು. ಫೋನನ್ನು ನನ್ನ ಕೈಗೆ ಕೊಟ್ಟು ಹೋದರು.

ಆ ಮಧ್ಯಾಹ್ನ ಕೊಬ್ಬರಿ ಚಿಪ್ಪು ಬಿಡಿಸುತ್ತಾ ನಿಮ್ಮಮ್ಮನಿಗೆ ಕಂಬದ ಕಥೆ ಹೇಳಿದೆ. ಮೊದಲು ನಕ್ಕಳು. “ಅಯ್ಯೋ ಅಮ್ಮ, ನೀವಿಬ್ರೂ ಕದ್ದು ಫೋಟೊ ತೆಗೆಸ್ಕೊಂಡಿದ್ರಾ!” ಎಂದಳು. ಆಮೇಲೆ ಚಿಪ್ಪು ಕೆಳಗಿಟ್ಟು, “ಅಪ್ಪ ಅಳಿಸ್ಬಿಟ್ಟಿದ್ರೆ?” ಎಂದಳು.

“ಅಳಿಸಿದ್ರೆ ಅಳಿಸಿದ್ರು. ನೋಡಿದ್ರೆ ಗೊತ್ತಾಗುತ್ತೆ” ಎಂದೆ. ಇನ್ನೊಂದು ಚಿಪ್ಪು ಎತ್ತಿಕೊಂಡೆ.

ಅರಸೀಕೆರೆಯ ಅಂಗಡಿಯವನು ಇಷ್ಟು ಹಳೆಯದಕ್ಕೆ ಡಿಸ್‌ಪ್ಲೇ ಸಿಗುವುದಿಲ್ಲ ಎಂದ. ಬೇಲೂರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಹೆಂಗಸು ಹಳೇ ಫೋನುಗಳನ್ನು ರಿಪೇರಿ ಮಾಡುತ್ತಾಳೆ ಎಂದು ನಿಮ್ಮಮ್ಮನಿಗೆ ಯಾರೋ ಹೇಳಿದರು. ನೀವು ಸ್ಕೂಲಿಗೆ ಹೋದ ಮೇಲೆ ನಾವಿಬ್ಬರೂ ಜಾವಗಲ್ ದಾರಿಯಲ್ಲಿ ಬಸ್ಸು ಹತ್ತಿದೆವು. ಹಳೇಬೀಡಿನ ಕೆರೆ ಬಂದಾಗ ನಾನು ಕಿಟಕಿಯಿಂದ ಆಚೆ ನೋಡಿದೆ. ನಮ್ಮೂರಿನ ಕಡೆ ತಿರುಗುವ ರಸ್ತೆ ಹಾಗೆಯೇ ಇತ್ತು. ಅಲ್ಲಿ ಇಳಿಯುವ ಅಭ್ಯಾಸಕ್ಕೆ ಕಾಲು ತಾನಾಗಿ ಚಪ್ಪಲಿ ಹುಡುಕಿತು.

ಅಂಗಡಿ ಎಂದರೆ ಒಂದು ಗೂಡು. ಆ ಹೆಣ್ಣುಮಗಳಿಗೆ ಮೂವತ್ತು ಇರಬಹುದು. ಫೋನನ್ನು ಬಿಚ್ಚಿ, ಮೂಗಿನ ಹತ್ತಿರ ಹಿಡಿದು, “ಏನಜ್ಜಿ ಇದು, ಸಿಹಿ ವಾಸ್ನೆ” ಎಂದಳು.

ನಿಮ್ಮಮ್ಮ ಆಯುಧಪೂಜೆಯ ಕಥೆ ಹೇಳಿದಳು.

“ನಿಮ್ಮ ಕಡೆಯೋರು ಫೋನಿಗೂ ಕಾಯಿನೀರು ಕುಡಿಸ್ತೀರಲ್ಲ! ಹೋದ ವರ್ಷ ಜಾವಗಲ್ಲಿಂದ ಒಬ್ರು ಹಾಲು ಕುಡಿಸ್ಕೊಂಡು ಬಂದಿದ್ರು” ಎಂದು ನಕ್ಕಳು. ಬ್ರಶ್ಶಿನಲ್ಲಿ ಒಳಗೆಲ್ಲ ಉಜ್ಜಿ ತೊಳೆದಳು. ಇಂಥದ್ದೇ ಇನ್ನೊಂದು ಕೆಟ್ಟ ಫೋನು ಅವಳ ಡಬ್ಬದಲ್ಲಿತ್ತು. ಅದರ ಗಾಜನ್ನು ಬಿಚ್ಚಿ ಇದಕ್ಕೆ ಕೂರಿಸಿದಳು. ಬೆಳಕು ಬಂತು. ಆದರೆ ಬಂದದ್ದು ಒಂಬತ್ತು ಚುಕ್ಕಿ, ಮೂರು ಸಾಲು.

“ಪ್ಯಾಟರ್ನ್ ಗೊತ್ತಾ ಅಕ್ಕ?”

ನಿಮ್ಮಮ್ಮ ಅಪ್ಪನ ಹೆಸರಿನ ಇಂಗ್ಲಿಷ್ ಅಕ್ಷರ ಎಳೆದಳು. ತಪ್ಪು ಎಂದಿತು. ತನ್ನ ಹೆಸರಿನದು ಎಳೆದಳು. ಅದೂ ತಪ್ಪು. ಮತ್ತೆ ಏನೇನೋ ಎಳೆದಳು. ಕೊನೆಗೆ ಸ್ವಲ್ಪ ಕಾಯಿರಿ ಎಂದು ಬರೆದು ಬಂತು.

“ಗೊತ್ತಿಲ್ಲಾಂದ್ರೆ ಎಲ್ಲಾ ಅಳಿಸಿ ಹೊಸದರ ಥರ ಮಾಡ್ಕೊಡ್ತೀನಿ. ಮಾರೋಕಾದ್ರೂ ಆಗುತ್ತೆ. ಒಳಗಿರೋದು ಮಾತ್ರ ಉಳಿಯಲ್ಲ” ಎಂದಳು ಆಕೆ.

ನಿಮ್ಮಮ್ಮ ನನ್ನ ಮುಖ ನೋಡಿದಳು. ನಾನು ಚುಕ್ಕಿಗಳನ್ನು ನೋಡುತ್ತಿದ್ದೆ. ದಿನಾ ಬೆಳಿಗ್ಗೆ ಚುಕ್ಕಿ ಇಟ್ಟು ರಂಗೋಲಿ ಹಾಕುವವಳಿಗೆ ಮೂರು ಸಾಲು ಚುಕ್ಕಿ ಹೊಸದಲ್ಲ. ಆದರೆ ಯಾವ ರಂಗೋಲಿಯೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಜಗುಲಿ, ಕಾಫಿ ಲೋಟ, ಅತ್ತ ಇತ್ತ ಓಡಾಡುವ ಬೆರಳು, ಮತ್ತೆ ಬಾಗಿಲಲ್ಲಿ ನಿಂತು ರೇಗಿಸುತ್ತಿದ್ದ ನನ್ನದೇ ಮಾತು.

“ವಿಭೂತಿ” ಎಂದೆ.

“ಏನಮ್ಮ?”

“ಇಲ್ಲಿ ಕೊಡು.” ಮೇಲಿನ ಸಾಲನ್ನು ಎಡದಿಂದ ಬಲಕ್ಕೆ ಎಳೆದೆ. ನನ್ನ ಒರಟು ಬೆರಳು ಅದಕ್ಕೆ ತಿಳಿಯಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಎಳೆದೆ. ಮೇಲಿನ ಸಾಲು, ಕೆಳಗಿಳಿದು ಬಲದಿಂದ ಎಡಕ್ಕೆ ನಡುವಿನ ಸಾಲು, ಮತ್ತೆ ಇಳಿದು ಕೊನೆಯ ಸಾಲು. ಹಣೆಯ ಮೂರು ಗೆರೆ.

ಫೋನು ತೆರೆಯಿತು.

ಒಳಗಿದ್ದದ್ದೆಲ್ಲ ಕೊಬ್ಬರಿ ರಾಶಿ, ರೇಟಿನ ಬೋರ್ಡು, ಮೋಟಾರಿನ ಸ್ಟಾರ್ಟರು. ನೀವು ಚಿಕ್ಕವರಿದ್ದಾಗ ಅಟ್ಟದ ಏಣಿಯ ಮೇಲೆ ಕುಳಿತದ್ದು. ನನ್ನ ಮೊರ, ನನ್ನ ಸೆರಗು, ಮತ್ತೆ ಸೆರಗು. ನಿಮ್ಮಮ್ಮ ಬೆರಳಲ್ಲಿ ತಳ್ಳುತ್ತಾ ಹೋದಳು. ಒಂದು ಕಡೆ ನಿಂತಳು.

ಅವರು ಅಳಿಸಿರಲಿಲ್ಲ.

ಕಪ್ಪು ಕಂಬದಲ್ಲಿ ನಾನು ನುಗ್ಗೇಕಾಯಿಯ ಹಾಗೆ ನಿಂತು ಹಲ್ಲು ಕಾಣುವಂತೆ ನಗುತ್ತಿದ್ದೇನೆ. ಸೆರಗು ಹೆಗಲ ಮೇಲಿದೆ, ಮುಖಕ್ಕೆ ಏನೂ ಅಡ್ಡವಿಲ್ಲ. ಪಕ್ಕದಲ್ಲಿ ಬಿಳೀ ಅಂಗಿ, ಪಂಚೆ, ಮೇಲೆತ್ತಿದ ಎರಡು ಕೈ. ಅವರು ಫೋಟೊ ತೆಗೆಯುವಾಗ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಮುಂದೆಯೇ ತಂದುಕೊಳ್ಳುತ್ತಿದ್ದರು. ಮುಖ ಇರಬೇಕಾದ ಜಾಗದಲ್ಲಿ ಫೋನು. ಅದರ ಮೇಲೆ ಸ್ವಲ್ಪ ಹಣೆ, ವಿಭೂತಿಯ ಒಂದು ಗೆರೆ. ಅಷ್ಟೇ.

“ಅಯ್ಯೋ, ಅಜ್ಜನ ಮುಖಾನೇ ಬಂದಿಲ್ಲ” ಎಂದಳು ಅಂಗಡಿಯವಳು. ಇನ್ನೊಂದು ಇರಬಹುದೆಂದು ನಿಮ್ಮಮ್ಮ ಹಿಂದೆ ಮುಂದೆ ಹುಡುಕಿದಳು. ಇರಲಿಲ್ಲ.

ನನಗೆ ಅಳು ಬರಲಿಲ್ಲ. ಇಷ್ಟು ದಿನ ಕಾದದ್ದು ಆ ಮುಖಕ್ಕಾಗಿಯೇ. ಅದು ಇಲ್ಲ. ಆದರೆ ಫೋಟೊದಲ್ಲಿರುವ ಆ ಹೆಂಗಸು ಪಕ್ಕದಿಂದ ಆ ಮುಖವನ್ನೇ ನೋಡುತ್ತಿದ್ದಾಳೆ, ಕಂಬದಲ್ಲಿ. ಫೋನಿನ ಹಿಂದೆ ಅವರೂ ನಗುತ್ತಿದ್ದರೆಂದು ಅವಳ ಮುಖ ನೋಡಿದರೆ ತಿಳಿಯುತ್ತದೆ.

ವಾಪಸು ಬರುವಾಗ ಹಳೇಬೀಡಿನಲ್ಲಿ ಬಸ್ಸು ನಿಂತಿತು. “ಇಳಿಯೋಣ್ವಾ ಅಮ್ಮ? ಬಸ್ತಿಹಳ್ಳಿ ಇಲ್ಲೇ ಅಲ್ವಾ” ಎಂದಳು ನಿಮ್ಮಮ್ಮ. ಬೇಡ ಎಂದೆ. ಕಂಬದಲ್ಲಿ ಒಬ್ಬಳೇ ಕಾಣುವುದು ಆ ದಿನ ನನಗೆ ಬೇಡವಾಗಿತ್ತು.

ರಾತ್ರಿ ಊಟವಾದ ಮೇಲೆ ನಿಮ್ಮಪ್ಪ ಆ ಫೋಟೊವನ್ನು ತಮ್ಮ ಫೋನಿಗೆ ಕಳಿಸಿಕೊಂಡರು. ಅಳಿಯ ನೋಡಿಯೂಬಿಟ್ಟರು, ಭೂಮಿ ಬಾಯಿ ಬಿಡಲಿಲ್ಲ. ಮಾರನೇ ವಾರ ನನಗೆ ಹೊಸ ಫೋನು ತಂದು, ಅದಕ್ಕೂ ಫೋಟೊ ಹಾಕಿ ಕೊಟ್ಟರು. “ನೋಡಿ ಅತ್ತೆ, ಇದ್ರಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತೆ. ಇನ್ನು ಹಳೇದು ಕೊಟ್ಬಿಡಬಹುದಲ್ವಾ? ಸುಮ್ನೆ ಯಾಕೆ ಇಟ್ಕೋತೀರ” ಎಂದರು.

ನಾನು ಹೊಸ ಫೋನಿನಲ್ಲಿ ಆ ಫೋಟೊವನ್ನು ತೆರೆಸಿ, ತಾತನ ಮುಖದ ಜಾಗದ ಮೇಲೆ ಬೆರಳಿಟ್ಟು ತೋರಿಸಿದೆ. ಇನ್ನೊಂದು ಕೈಯಲ್ಲಿ ಹಳೇ ಫೋನಿತ್ತು.

“ಇಲ್ಲಿರೋದು ಇದೇ ತಾನೆ? ಇದನ್ನ ಹೇಗೆ ಕೊಡ್ಲಿ ಹೇಳಿ” ಎಂದೆ.

ನಿಮ್ಮಪ್ಪ ಒಂದು ಗಳಿಗೆ ಫೋಟೊ ನೋಡಿದರು, ಒಂದು ಗಳಿಗೆ ನನ್ನ ಕೈಯಲ್ಲಿದ್ದ ಹಳೇ ಫೋನು ನೋಡಿದರು. ಎದ್ದು ಹೋಗಿ ದೇವರ ಗೂಡಿನ ಪಕ್ಕ ಚಾರ್ಜರಿಗೆ ಒಂದು ಪ್ಲಗ್ಗು ಹಾಕಿಸಬೇಕು ಎಂದು ನಿಮ್ಮಮ್ಮನಿಗೆ ಹೇಳಿದರು. ನೀವು ದಿನಾ ನೋಡುವ ಪ್ಲಗ್ಗು ಅದೇ. ಈ ಸಲ ಆಯುಧಪೂಜೆಗೆ ಆ ಫೋನನ್ನೂ ಇಟ್ಟಿದ್ದೆವು. ಕಾಯಿ ಮಾತ್ರ ಹೊಸಿಲಿನಾಚೆ ಒಡೆದರು.

ನೀವಿಬ್ಬರೂ ಈಗ ಅದನ್ನು ತೆರೆಯಬಲ್ಲಿರಿ, ಹೇಗೆಂದು ಬರೆದಿದ್ದೇನೆ. ನೋಡುವುದಾದರೆ ನಾನು ಅಡುಗೆಮನೆಯಲ್ಲಿರುವಾಗ ನೋಡಿ. ಅಳಿಸಬೇಡಿ.