ಮಿರ್ಚಿ ಕಟ್ಟಿದ ಕಾಗದ

ಮಸ್ಕಿಯ ಬಸ್ ನಿಲ್ದಾಣದ ಎದುರು ಮೆಹನಾಜಳ ಜೆರಾಕ್ಸ್ ಅಂಗಡಿ. ಅಲ್ಲಿಗೆ ಅವಸರದಲ್ಲಿ ಹೋದವರ ಪಾಡು ದೇವರಿಗೇ ಪ್ರೀತಿ. ಆಧಾರ್ ಕಾರ್ಡು ಕೊಟ್ಟರೆ ಮೊದಲು ಅದರ ಫೋಟೊ ನೋಡುತ್ತಾಳೆ, ಆಮೇಲೆ ಎದುರು ನಿಂತವರ ಮುಖ ನೋಡುತ್ತಾಳೆ. ಬೇರೆಯವರದಾದರೆ ಯಾರದು, ಯಾಕೆ ಎಂದು ವಿಚಾರಣೆ. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಅಡ್ಡಲಾಗಿ ಬರೆಸಿ ಸಹಿ ಹಾಕಿಸುತ್ತಾಳೆ. ಅಸಲು ಕಾರ್ಡು ಗಿರಾಕಿಯ ಕಿಸೆ ಸೇರುವುದನ್ನು ಕಣ್ಣಾರೆ ಕಾಣುವ ತನಕ ಕಾಸು ಮುಟ್ಟುವುದಿಲ್ಲ. ಹಾಳಾದ ಪ್ರತಿಯನ್ನು ಹರಿದು, ನೀರಿನ ಬಕೆಟ್ಟಿಗೆ ಹಾಕಿ, ಮುದ್ದೆಯಾಗುವ ತನಕ ಹಿಸುಕುತ್ತಾಳೆ.

“ಮೆಹನಾಜಕ್ಕ, ಪೊಲೀಸ್ ಠಾಣೇದಾಗೂ ಇಷ್ಟು ಕೇಳಂಗಿಲ್ಲ,” ಎನ್ನುತ್ತಾರೆ ಗಿರಾಕಿಗಳು.

“ಅಲ್ಲೀತನಕ ಹೋಗೂದು ಬ್ಯಾಡಂತನ ಕೇಳಾಕತ್ತೀನ್ರೀ,” ಎನ್ನುತ್ತಾಳೆ ಅವಳು, ತಲೆ ಎತ್ತದೆ.

ಹುಟ್ಟಿನಿಂದಲೇ ಇಷ್ಟು ಹುಷಾರಾಗಿದ್ದಳು ಎಂದುಕೊಳ್ಳಬೇಡಿ. ಮೂರು ವರ್ಷದ ಹಿಂದೆ ಅವಳ ಅಂಗಡಿಯ ರದ್ದಿಯೆಲ್ಲ ಪಕ್ಕದ ಜಮೀಲಾಬೀಯ ಮಿರ್ಚಿ ಭಜಿ ಬಂಡಿಗೆ ಹೋಗುತ್ತಿತ್ತು. ಸಂಜೆಯಾದರೆ ಕಾಗದದ ಕಟ್ಟು ಆಚೆ, ಬಿಸಿ ಮಿರ್ಚಿ ಈಚೆ. ಹೀಗೆ ಮಸ್ಕಿಯ ಮಂದಿ ಯಾರದೋ ಹೆಸರು, ವಿಳಾಸ, ಮೋರೆಯ ಮೇಲೆ ಮಿರ್ಚಿ ಇಟ್ಟುಕೊಂಡು ತಿಂದು, ಕೈ ಒರೆಸಿ ಬಿಸಾಡುತ್ತಿದ್ದರು. ಅದರಲ್ಲಿ ತಪ್ಪೇನಾದರೂ ಇದೆ ಎಂದು ಯಾರಿಗೂ ಅನ್ನಿಸಿರಲಿಲ್ಲ, ಮೆಹನಾಜಳಿಗೂ.

ಒಂದು ಬೆಳಿಗ್ಗೆ ಸಂತೆಕಲ್ಲೂರಿನ ಶಿವಬಸಮ್ಮ ಮಗಳು ಭಾಗ್ಯಶ್ರೀಯನ್ನು ಕರೆದುಕೊಂಡು ಬಂದಳು. ಶಿವಬಸಮ್ಮ ಮದುವೆ ಮನೆಗಳಿಗೆ ಜೋಳದ ರೊಟ್ಟಿ ಬಡಿದುಕೊಡುವ ಹೆಂಗಸು. ಸುತ್ತಲಿನ ಹತ್ತೂರಿನಲ್ಲಿ ಅವಳು ಕಾಣದ ಅಡುಗೆಮನೆಯಿಲ್ಲ. ಅವತ್ತು ಮುಖ ಬಾಡಿತ್ತು. ಸಿಂಧನೂರಿನ ಒಂದು ಲಾಡ್ಜಿನಲ್ಲಿ ಯಾರೋ ಹೆಂಗಸು ಇವಳ ಆಧಾರ್ ಪ್ರತಿ ಕೊಟ್ಟು ನಾಲ್ಕು ದಿನ ಇದ್ದು, ಬಸ್ಸುಗಳಲ್ಲಿ ಪರ್ಸು, ಎಟಿಎಂ ಕಾರ್ಡು ಎಗರಿಸಿ ಪರಾರಿಯಾಗಿದ್ದಳು. ಲಾಡ್ಜಿನವನು ಕಾಗದ ಇಸಿದುಕೊಂಡನೇ ಹೊರತು ಮುಖಕ್ಕೆ ಹೋಲಿಸಿ ನೋಡಿರಲಿಲ್ಲ. ಈಗ ಕೇಳಿದರೆ ನೆನಪಿಲ್ಲ ಎನ್ನುತ್ತಾನೆ. ಪೊಲೀಸರು ನೇರವಾಗಿ ಶಿವಬಸಮ್ಮನ ಬಾಗಿಲಿಗೆ ಬಂದಿದ್ದರು.

“ಎರಡು ಮದಿವಿ ಮನಿಯವರು ಬ್ಯಾಡ ಅಂದಾರವ್ವಾ,” ಎಂದಳು ಶಿವಬಸಮ್ಮ. “ಕಳ್ಳಿನ್ನ ಅಡಗಿಮನಿಯಾಗ ಯಾರು ಬಿಟ್ಕೋತಾರ? ನಾ ರೇಷನ್ ಅರ್ಜಿಗಂತ ಇಲ್ಲಿ ಒಮ್ಮಿ ಜೆರಾಕ್ಸ್ ಮಾಡಿಸೀನಿ. ಮತ್ತೆಲ್ಲೂ ಕೊಟ್ಟಿಲ್ಲ.”

ಪೊಲೀಸರು ತೋರಿಸಿದ ಪ್ರತಿಯನ್ನು ಭಾಗ್ಯಶ್ರೀ ಮೊಬೈಲಿನಲ್ಲಿ ಫೋಟೊ ಹಿಡಿದಿದ್ದಳು. ಮೆಹನಾಜ್ ನೋಡಿದಳು. ಶಿವಬಸಮ್ಮನ ಮುಖದ ಮೇಲೆ ಓರೆಯಾಗಿ ಒಂದು ಕಪ್ಪು ಗೆರೆ. ತನ್ನ ಮಷೀನು ಕೆಟ್ಟಿದ್ದಾಗ ಎಳೆಯುತ್ತಿದ್ದ ಗೆರೆ ಅದು. ಅದರ ಪಕ್ಕ ದುಂಡನೆಯ ಎಣ್ಣೆ ಕಲೆ. ಗೆರೆ ಬಿದ್ದದ್ದನ್ನು ಬದಿಗಿಟ್ಟು ಇನ್ನೊಂದು ತೆಗೆದುಕೊಟ್ಟಿದ್ದಳು. ಬದಿಗಿಟ್ಟದ್ದು ಎಲ್ಲಿಗೆ ಹೋಯಿತೆಂದು ಯಾರೂ ಹೇಳಬೇಕಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಸುಮ್ಮನಿದ್ದುಬಿಡೋಣ ಎಂದು ಅವಳಿಗೂ ಅನ್ನಿಸಿತು. ಅಂಗಡಿಯೇ ಅವಳ ಅನ್ನ. ಆದರೆ ಕೆಲಸವಿಲ್ಲದೆ ಮಡಿಲಲ್ಲಿ ಬಿದ್ದಿದ್ದ ಶಿವಬಸಮ್ಮನ ಕೈಗಳನ್ನು ನೋಡಿ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

“ಯಮ್ಮಾ, ಈ ಕಾಗದ ನನ್ನ ಅಂಗಡೀದು. ತಪ್ಪು ನಂದು. ನಡೀರಿ, ಠಾಣೇದಾಗ ಹೇಳಿ ಬರೋಣ.”

ಶಟರ್ ಎಳೆದು ಮೂವರೂ ಸಿಂಧನೂರಿನ ಬಸ್ಸು ಹತ್ತಿದರು. ಮೆಹನಾಜ್ ಗೆರೆಯಿಂದ ಹಿಡಿದು ಮಿರ್ಚಿಯ ತನಕ ಎಲ್ಲ ಹೇಳಿ, ಬರೆದುಕೊಟ್ಟು ಸಹಿ ಹಾಕಿದಳು. ರೇಷನ್ ಅರ್ಜಿಯ ಜೊತೆ ಗೆರೆಯಿಲ್ಲದ ಪ್ರತಿ ಇರುವುದನ್ನು ಪೊಲೀಸರು ವಿಚಾರಿಸಿ ಖಾತ್ರಿ ಮಾಡಿಕೊಂಡರು. ವಾರದೊಳಗೆ ಶಿವಬಸಮ್ಮನನ್ನು ಪ್ರಕರಣದಿಂದ ಕೈಬಿಟ್ಟರು.

ಮಸ್ಕಿ ಮಾತ್ರ ಮೆಹನಾಜಳನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅವಳಲ್ಲಿಗೆ ಹೋದ ಕಾಗದ ಕಳ್ಳರ ಕೈ ಸೇರುತ್ತದೆ ಎಂದು ಮಾತು ಹಬ್ಬಿ, ಗಿರಾಕಿಗಳು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಗತೊಡಗಿದರು. ತನ್ನ ಬಂಡಿಗೂ ಕೆಟ್ಟ ಹೆಸರು ತಂದಳೆಂದು ಜಮೀಲಾಬೀ ಎರಡು ತಿಂಗಳು ಮಾತು ಬಿಟ್ಟಳು. ಮೆಹನಾಜ್ ನೊಣ ಓಡಿಸುತ್ತ ಕೂತಳು.

ನಾಲ್ಕನೆಯ ತಿಂಗಳು ಶಿವಬಸಮ್ಮ ಬಂದು ಆಧಾರ್ ಕಾರ್ಡು ಚಾಚಿದಳು. ಬ್ಯಾಂಕಿಗೆ ಪ್ರತಿ ಬೇಕಿತ್ತು. ಮೆಹನಾಜ್ ಕೈ ಮುಂದೆ ಮಾಡಲಿಲ್ಲ.

“ಆ ಕಡೀ ಅಂಗಡಿ ಐತಲ್ರೀ ಯಮ್ಮಾ. ಅಲ್ಲೇ ಮಾಡಿಸ್ಕೋರಿ.”

“ಅಂವಾ ತಪ್ಪು ಮಾಡಿದ್ರ ನನಗ ಬಂದು ಹೇಳ್ತಾನೇನು?” ಎಂದಳು ಶಿವಬಸಮ್ಮ. “ಹಿಡಿ ಇದನ್ನ. ಜಲ್ದಿ ಮಾಡವ್ವಾ, ಲಿಂಗಸುಗೂರಾಗ ಮದಿವಿ ಐತಿ. ರೊಟ್ಟಿ ಬಡ್ಯಾಕ ನನ್ನನ್ನ ಕರದಾರ.”