ನನಗೆ ದೊಡ್ಡ ಶಬ್ದ, ಮಹಾದೇವನಿಗೆ ಸಣ್ಣದು

ಕಿಟಕಿಯಿಂದ ಸುಟ್ಟ ಹತ್ತಿ ಬಟ್ಟೆಯ ವಾಸನೆ ಬರುತ್ತಿದೆ. ಗಡಹಿಂಗ್ಲಜದ ನಮ್ಮ ಓಣಿಯ ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ರಾಜು ಯಾರದೋ ಅಂಗಿಯ ಮೇಲೆ ಇಸ್ತ್ರಿಯನ್ನು ತುಸು ಹೆಚ್ಚು ಹೊತ್ತು ನಿಲ್ಲಿಸಿರಬೇಕು. ನೀವಾಗಿದ್ದರೆ ಮೂಗು ಮುಚ್ಚಿಕೊಂಡು ಕಿಟಕಿ ಎಳೆದುಬಿಡುತ್ತಿದ್ದಿರಿ. ನಾನು ಕೈಯಲ್ಲಿದ್ದ ಕೆಂಪು ಪೆನ್ನನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ಮೇಜಿಗೆ ಒತ್ತಿ ಕುಳಿತೆ. ಈ ವಾಸನೆ ಬಂದಾಗ ನನ್ನ ಕೈ ನಡುಗುತ್ತದೆ. ಮೇಜಿಗೆ ಒತ್ತಿದರೆ ಯಾರಿಗೂ ಕಾಣುವುದಿಲ್ಲ.

ನಾನು ಇಂಗ್ಲಿಷ್ ಮಾಸ್ತರ. ಮುಂದಿದ್ದದ್ದು ಹುಡುಗರ ಉತ್ತರಪತ್ರಿಕೆಗಳು. ಪ್ರಶ್ನೆ ನಾನೇ ಕೊಟ್ಟದ್ದು: ಟ್ರೈ, ಅಟೆಂಪ್ಟ್, ಎಂಡೆವರ್, ಸ್ಟ್ರೈವ್, ಈ ನಾಲ್ಕರ ನಡುವಿನ ವ್ಯತ್ಯಾಸ ತಿಳಿಸಿರಿ. ನಾಲ್ಕಕ್ಕೂ ನಮ್ಮಲ್ಲಿ ‘ಪ್ರಯತ್ನ’ ಎಂದು ಹೇಳಿ ಮುಗಿಸುತ್ತೇವೆ. ಆದರೆ ಮುಗಿಸಿಬಿಟ್ಟರೆ ಮಾಸ್ತರಿಕೆ ಹೇಗೆ ನಡೆಯಬೇಕು? ಅದಕ್ಕೇ ನಾನೊಂದು ವಿವರಣೆ ಹೊಲಿದಿಟ್ಟಿದ್ದೆ. ಟ್ರೈ ಎಂದರೆ ಮನೆಯಲ್ಲಿ ಸುತ್ತಿಕೊಳ್ಳುವ ಲುಂಗಿ. ಅಟೆಂಪ್ಟ್ ಎಂದರೆ ಕಚೇರಿಗೆ ಹೋಗುವ ಪ್ಯಾಂಟು. ಎಂಡೆವರ್ ಎಂದರೆ ಮದುವೆಯ ರೇಷ್ಮೆ. ಸ್ಟ್ರೈವ್ ಎಂದರೆ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಹುಡುಗರು ನಗುತ್ತಿದ್ದರು. ನಾನು ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ, ಈ ಜಿಲ್ಲೆಯಲ್ಲಿ ಇದಕ್ಕಿಂತ ಚೆನ್ನಾಗಿ ಇದನ್ನು ಹೇಳುವವರಿಲ್ಲ ಎಂದುಕೊಳ್ಳುತ್ತಿದ್ದೆ.

ಆ ರೇಷ್ಮೆ ಬಿಚ್ಚಿಹೋದದ್ದು ಇಚಲಕರಂಜಿಯ ಪಕ್ಕದ ಯಡ್ರಾವದಲ್ಲಿ. ಅಲ್ಲಿ ನನ್ನ ಅಕ್ಕನ ಗಂಡನ ವಿದ್ಯುತ್ ಮಗ್ಗಗಳ ಶೆಡ್ಡಿದೆ. ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಎನ್ನುತ್ತೇವೆ. ಇಚಲಕರಂಜಿಗೆ ಹೋದಾಗಲೆಲ್ಲ ಅಲ್ಲೊಂದು ಚಹಾ ನನಗೆ ಖಾಯಂ. ಮಗ್ಗಗಳ ಸಾಲಿನ ನಡುವೆಯೇ ನಿಂತು ಕುಡಿಯುತ್ತಿದ್ದೆ, ಆ ಸದ್ದಿನಲ್ಲಿ ನನ್ನ ಇಂಗ್ಲಿಷ್ ಯಾರಿಗೂ ಕೇಳಿಸದ ಏಕೈಕ ಜಾಗ ಅದು. ಕೆಟ್ಟ ಮಗ್ಗ ಸರಿಮಾಡುವ ಜಾಬರ ಮಹಾದೇವ. ಹತ್ತಿರದ ದಾನೋಳಿಯವನು, ಮೋಟಾರ್‌ಸೈಕಲ್ಲಿದ್ದರೂ ಸೈಕಲ್ಲಿನ ಮೇಲೇ ಬರುವವನು. ನನ್ನನ್ನು ಕಂಡರೆ ಸ್ಪ್ಯಾನರ್ ಎತ್ತಿ ನಮಸ್ಕಾರ ಮಾಡುತ್ತಿದ್ದ.

ನಾನು ಕಂಡಷ್ಟನ್ನೇ ಹೇಳುತ್ತೇನೆ. ಮಧ್ಯಾಹ್ನವಾಗಿತ್ತು. ಗೋಡೆಯ ಕಡೆಯ ಮಗ್ಗದ ಮೋಟರಿನಲ್ಲಿ ನೀಲಿ ಕಿಡಿ ಕಂಡಿತು. ನೂಲಿನಿಂದ ಉದುರಿ ಎಲ್ಲ ಕಡೆ ಕೂತಿರುವ ಹತ್ತಿಯ ಧೂಳಿನ ಮೇಲೆ ಬೆಂಕಿ ಓಡಿತು. ಉರಿಯಿತು ಎನ್ನಲಾರೆ, ಓಡಿತು. ಯಾರೋ ಮೇನ್ ಸ್ವಿಚ್ ಎಳೆದರು. ಮಗ್ಗಗಳೆಲ್ಲ ಒಮ್ಮೆಗೇ ಸುಮ್ಮನಾದವು. ನನಗೆ ಹೆದರಿಕೆಯಾದದ್ದು ಆಗ. ಮುಂದಿನ ಮಗ್ಗದಲ್ಲಿ ನೇಯ್ದ ಬಟ್ಟೆಗೆ ಬೆಂಕಿ ಹತ್ತಿತ್ತು. ಅದರ ಹಿಂದೆ ಬಿಗಿಯಾಗಿ ಹಾಸಿದ ಉದ್ದೆಳೆಗಳು, ಅವುಗಳ ಹಿಂದೆ ಅದೇ ನೂಲನ್ನು ದಪ್ಪಗೆ ಸುತ್ತಿದ ಬೀಮು. ಮಹಾದೇವ ಜೇಬಿನಿಂದ ಬ್ಲೇಡು ತೆಗೆದ. ಹಾಸಿನ ಎಳೆಗಳನ್ನು ಈ ಕಡೆಯಿಂದ ಆ ಕಡೆಗೆ ಕೊಯ್ದ. ಉರಿಯುವ ಬಟ್ಟೆಯನ್ನು ನೆಲಕ್ಕೆಳೆದು, ಗೋಣಿಚೀಲ ಹಾಕಿ ತುಳಿದ.

ಆಗ ನಾನೂ ಕಾರ್ಯಪ್ರವೃತ್ತನಾದೆ. ಕುಡಿಯುವ ನೀರಿನ ಕೊಡವನ್ನು ಎತ್ತಿಕೊಂಡು ಓಡಿದೆ.

“ಸರ್, ಬೀಮಿಗೆ ನೀರ ಬ್ಯಾಡ್ರೀ! ಸರ್ರss!” ಎಂದು ಮಹಾದೇವ ಕೂಗಿದ. ಅಷ್ಟರಲ್ಲಿ ಕೊಡ ಬರಿದಾಗಿತ್ತು. ಬೆಂಕಿ ಎಲ್ಲಿ ಇರಲೇ ಇಲ್ಲವೋ ಅಲ್ಲಿಗೆ ನೀರೆಲ್ಲ ಸರಿಯಾಗಿ ಬಿದ್ದಿತ್ತು. ನೂಲಿಗೆ ಗಂಜಿ ಹಾಕಿರುತ್ತಾರೆ, ನೆನೆದರೆ ಎಳೆಗೆ ಎಳೆ ಅಂಟಿ ಬೀಮು ಬೀಸುವ ಕಲ್ಲಾಗುತ್ತದೆ. ಇದನ್ನು ಆ ದಿನ ಕಲಿತೆ.

ಗೋಳು ಶುರುವಾದದ್ದು ಬೆಂಕಿ ಆರಿದ ಮೇಲೆ. ಆ ನೂಲು ದಾಜಿಯದಲ್ಲ. ಕೊಲ್ಹಾಪುರದ ಶೇಟಜಿ ಎಂಬ ವ್ಯಾಪಾರಿ ಬೀಮು ಕಳಿಸುತ್ತಾರೆ, ದಾಜಿ ನೇಯ್ದು ಕೊಡುತ್ತಾರೆ. ನೇಯ್ಗೆ ನಡೆದಿರುವ ಹಾಸಿನ ಮೇಲೆ ಬ್ಲೇಡು ಆಡಿಸುವುದೆಂದರೆ ಮಗ್ಗದವರಿಗೆ ಮೈ ಜುಮ್ಮೆನ್ನುತ್ತದೆ. ಎಳೆ ಹರಿದರೆ ಗಂಟು ಹಾಕುತ್ತಾರೆ, ಕೊಯ್ಯುವುದಿಲ್ಲ. ಪಾಳಿ ಹಿಡಿಯುವ ಮೊದಲು ಹಾಸು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರಿದ್ದಾರೆ. ಜಾಬರ ಹಾಸು ಕೊಯ್ದ, ಬೀಮು ಹಾಳಾಯಿತು ಎಂಬಷ್ಟೇ ಸುದ್ದಿ ಕೊಲ್ಹಾಪುರಕ್ಕೆ ಮುಟ್ಟಿತು. ಅವನನ್ನು ಕೆಲಸದಿಂದ ಬಿಡಿಸದಿದ್ದರೆ ಇನ್ನು ಬೀಮು ಬರುವುದಿಲ್ಲ ಎಂದು ಅಲ್ಲಿಂದ ಫೋನು ಬಂತು. ಹಾಗೆ ಬಿಡಿಸಿಕೊಂಡ ಜಾಬರನನ್ನು ಬೇರೆ ಶೆಡ್ಡಿನವರು ಬಾಗಿಲಲ್ಲೂ ನಿಲ್ಲಿಸಿಕೊಳ್ಳುವುದಿಲ್ಲ.

ಆ ಸಾಲಿನಲ್ಲಿ ನಿಂತು ನೋಡಿದವನು ನಾನೊಬ್ಬನೇ. ಶೇಟಜಿಯ ಪಾಲುದಾರರು ಮುಂಬೈಯವರು, ಕಂಡದ್ದನ್ನು ಇಂಗ್ಲಿಷಿನಲ್ಲಿ ಬರೆದು ತರಬೇಕಂತೆ. ಮನೆಯಲ್ಲಿ ದಾಜಿ ಕಾಗದ ತಂದು ನನ್ನ ಮುಂದಿಟ್ಟರು.

“ಮಾಸ್ತರ, ಜರಾ ವಜನ ಇರೋ ಶಬ್ದ ಹಾಕ್ರಿ. ಮುಂಬೈದವ್ರು ಓದಿ ಗಪ್ ಆಗಬೇಕು.”

ಬಾಗಿಲಲ್ಲಿ ನಿಂತಿದ್ದ ಮಹಾದೇವ ಒಂದೇ ಮಾತು ಹೇಳಿದ. “ಏನರೆ ಬರೀರಿ ಸರ್, ಕೊಯ್ದಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ. ಕೊಯ್ದೇನಿ.”

ನಾನು ಬರೆಯಲು ಕುಳಿತೆ. ಕೈ ನಡುಗುತ್ತಿದ್ದುದರಿಂದ ಅಕ್ಷರ ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಆದರೆ ಶಬ್ದಗಳ ಆಯ್ಕೆಯಲ್ಲಿ ಮಾಸ್ತರಿಕೆ ಸ್ವಲ್ಪವೂ ನಡುಗಿರಲಿಲ್ಲ. ಅಟೆಂಪ್ಟ್ ಹಾಕಿದೆ. ದಿನಪತ್ರಿಕೆಗಳಲ್ಲಿ ಅದು ಸದಾ ಕೊಲೆಯ ಪಕ್ಕದಲ್ಲಿ ಬರುತ್ತದೆ ಎಂದು ನೆನಪಾಗಿ ಹೊಡೆದುಹಾಕಿದೆ. ಸ್ಟ್ರೈವ್ ಹಾಕಿದೆ. ವರ್ಷಗಟ್ಟಲೆ ಬೆವರಬೇಕಾದ ಶಬ್ದ, ಒಂದು ಬ್ಲೇಡಿನ ಕೆಲಸಕ್ಕೆ ಹೊಂದಲಿಲ್ಲ. ಅಂತೂ ಮುಗಿಸಿ, ದಾಜಿಗೆಂದು ಗಟ್ಟಿಯಾಗಿ ಓದಿದೆ. ಒಳಗೆ ಸೊಪ್ಪು ಬಿಡಿಸುತ್ತಿದ್ದ ಅಕ್ಕ ಕೇಳಿಸಿಕೊಂಡಳು. ಅವಳೂ ಶಾಲೆಯಲ್ಲಿ ಇಂಗ್ಲಿಷ್ ಓದಿದವಳು, ನನ್ನ ಲುಂಗಿ-ರೇಷ್ಮೆಯ ವಿವರಣೆಯನ್ನು ಹಬ್ಬಹಬ್ಬಕ್ಕೂ ಸಹಿಸಿದವಳು.

“ತಮ್ಮಾ, ಮತ್ತೊಮ್ಮೆ ಓದು.”

ಓದಿದೆ. ಬೆಂಕಿ ಆರಿಸಲು ಮಹಾದೇವ ಟ್ರೈ ಮಾಡಿದನು. ಸರಕನ್ನು ಉಳಿಸಲು ನಾನು ಎಂಡೆವರ್ ಮಾಡಿದೆನು.

“ಬೆಂಕಿ ಆರಿಸಿದಾಂವ ಅಂವಾ. ಬೀಮ ತೋಯಿಸಿದಾಂವ ನೀ. ಅವಗ ಲುಂಗಿ ಕೊಟ್ಟು ನೀ ರೇಷ್ಮಿ ಉಟ್ಕೊಂಡು ಕುಂತೀಯಲ್ಲೋ!”

ದಾಜಿ ನಕ್ಕರು. ಮಹಾದೇವನಿಗೆ ವಿಷಯ ತಿಳಿಯಲಿಲ್ಲ, ದಾಜಿ ನಕ್ಕದ್ದಕ್ಕೆ ತಾನೂ ನಕ್ಕ. ನಾನು ಕಾಗದ ನೋಡಿದೆ. ನಿಜಕ್ಕೂ ಹಾಗೇ ಇತ್ತು. ನಾನು ಬೇಕೆಂದು ಹಾಕಿಕೊಂಡದ್ದಲ್ಲ. ಕೈ ತಾನಾಗಿ ಕಪಾಟಿನ ಮೇಲಿನ ಅರೆಯಿಂದ ನನಗೊಂದು, ಕೆಳಗಿನ ಅರೆಯಿಂದ ಅವನಿಗೊಂದು ತೆಗೆದುಕೊಟ್ಟಿತ್ತು. ಅದಲುಬದಲು ಮಾಡಿ ನೋಡಿದೆ. ಅದೂ ಸರಿಬರಲಿಲ್ಲ. ಎಂಡೆವರ್ ತೊಟ್ಟ ಮಹಾದೇವ ಯಾರದೋ ಕೋಟು ತೊಟ್ಟಂತೆ ಕಂಡ. ಅಲ್ಲದೆ ಪ್ರಯತ್ನಿಸಿದನು ಎಂದೊಡನೆ, ಆಯಿತೋ ಇಲ್ಲವೋ ಎಂಬ ಅನುಮಾನ ಹಿಂದೆಯೇ ಬರುತ್ತದೆ. ನಾನು ಕಂಡದ್ದರಲ್ಲಿ ಆ ಅನುಮಾನ ಇರಲಿಲ್ಲ. ಹೊಸ ಕಾಗದ ತೆಗೆದುಕೊಂಡೆ. ಮಹಾದೇವ ಹಾಸು ಕೊಯ್ದ. ಬೆಂಕಿ ಅಲ್ಲಿಗೇ ನಿಂತಿತು. ಬೀಮು ಒಣಗಿಯೇ ಇತ್ತು. ನಾನು ಅದರ ಮೇಲೆ ನೀರು ಸುರಿದೆ. ಬೀಮು ಹಾಳಾಯಿತು. ನಾಲ್ಕು ಶಬ್ದಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

“ಇದೇನ್ರಿ, ಎರಡನೇತ್ತಾ ಹುಡುಗ ಬರದಂಗ ಐತಲ್ಲ?” ಎಂದು ದಾಜಿ ಮುಖ ಸಣ್ಣದು ಮಾಡಿದರು.

ನಾನೂ ದಾಜಿಯೂ ಕೊಲ್ಹಾಪುರಕ್ಕೆ ಒಯ್ದ ಆ ಕಾಗದವನ್ನು ಶೇಟಜಿ ನಿಧಾನವಾಗಿ ಓದಿದರು. ಮೂಲ ಬೆಳಗಾವಿ ಕಡೆಯವರು, ಆದರೆ ಸಿಟ್ಟು ಬಂದಾಗ ಮರಾಠಿ. “ಪಾಣಿ ಕೋಣಿ ಟಾಕಲಂ?” ನೀರು ಹಾಕಿದವರು ಯಾರು ಎಂದು ಕೇಳಿದರು.

“ನಾನ ರೀ.”

ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಮಾಸ್ತರ ಏನ್ರಿ ನೀವು?”

“ಹೌದ್ರಿ.”

ಅವರ ಸಿಟ್ಟು ಎಲ್ಲಿ ಇಳಿಯಿತೋ ಗೊತ್ತಿಲ್ಲ, ಭಾಷೆ ಮಾತ್ರ ಕನ್ನಡಕ್ಕೆ ಇಳಿದಿತ್ತು. ದಾಜಿಯ ಕಡೆ ತಿರುಗಿದರು. “ಜಾಬರ ಇರಲಿ. ಹಾಸ ಕೊಯ್ದು ಬೀಮ ಉಳಿಸಿದ್ದ ಅಂವಾ. ಇನ್ನ ಮ್ಯಾಲೆ ಈ ಮಾಸ್ತರಗ ಚಹಾ ಮಾತ್ರ ಶೆಡ್ಡಿನ ಹೊರಗ ಕೊಡ್ರಿ.”

ನಾವು ಮರಳಿದಾಗ ಶೆಡ್ಡಿನ ಬಾಗಿಲಲ್ಲಿ ಸೈಕಲ್ಲು ಹಿಡಿದುಕೊಂಡೇ ನಿಂತಿದ್ದ ಮಹಾದೇವನಿಗೆ ದಾಜಿ ಸುದ್ದಿ ಹೇಳಿದರು. ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ, ಅಷ್ಟೇ. ಇಂದಿಗೂ ನಾನು ಹೋದರೆ ಹೊರಗಿನ ಕಲ್ಲಿನ ಮೇಲೆ ಚಹಾ ತಂದಿಡುವವನು ಅವನೇ. ಇಟ್ಟು, ಒಳಗೆ ಹೋಗುವಾಗ ನೀರಿನ ಕೊಡವನ್ನೂ ಜೊತೆಗೆ ಒಯ್ಯುತ್ತಾನೆ.

ಇಷ್ಟು ಹೇಳುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ರಾಜು ನಿಂತಿದ್ದಾನೆ, ಕೈಯಲ್ಲಿ ಅಂಗಿ. ಆ ವಾಸನೆ ಯಾರದೋ ಅಂಗಿಯದು ಎಂದೆನಲ್ಲ, ನನ್ನದೇ. ತೋಳಿನ ಮೇಲೆ ಇಸ್ತ್ರಿಯ ಮೂತಿ ಕಂದಾಗಿ ಮೂಡಿದೆ.

“ನಿಮ್ಮ ಅಂಗಿ ಸುಟ್ಟೇನ್ರಿ ಸರ್.”

ನೆವ ಹೇಳದೆ ಅದನ್ನು ಮುಂದೆ ಹಿಡಿದ. ಅಂಗಿ ಇಸಿದುಕೊಳ್ಳಲು ಎರಡೂ ಕೈ ಮುಂದೆ ಚಾಚಬೇಕಾಯಿತು. ನಡುಗುತ್ತಿದ್ದುದನ್ನು ಅವನು ನೋಡಿದ. ಸಿಟ್ಟಿಗೆ ನಡುಗುತ್ತಿದ್ದೇನೆ ಎಂದುಕೊಂಡಿರಬೇಕು, ಒಂದು ಹೆಜ್ಜೆ ಹಿಂದೆ ಸರಿದ.

“ಸಿಟ್ಟಲ್ಲೋ, ಅಂಜಿಕಿ,” ಎಂದೆ. “ಬಾ, ಚಹಾ ಕುಡಿ.”

ಅವನು ಒಳಗೆ ಬಂದ.